ಮುಖದ ನರನೋವಿಗೆ ಧೈರ್ಯವೇ ಮದ್ದೇ?

‘ಮನಸ್ಸು ಗಟ್ಟಿಯಿದ್ದರೆ ಮುಖದ ನರನೋವು ತಾನಾಗಿ ಇಳಿಯುತ್ತದೆ’ ಎಂಬ ಮಾತನ್ನು ಒಪ್ಪಲಾರೆ. ಉಮ್ಮತ್ತೂರಿನ ನಮ್ಮ ದೊಡ್ಡಮ್ಮ ಸದಾ ಸೆರಗಿನಿಂದ ಕೆನ್ನೆ ಮುಚ್ಚಿಕೊಂಡಿರುತ್ತಿದ್ದರು. ತಣ್ಣನೆ ಗಾಳಿ ಸೋಕಿದರೂ, ಮುದ್ದೆಯ ತುತ್ತು ನುಂಗಿದರೂ ಸಿಡಿಲು ಬಡಿದಂಥ ನೋವು. ಹಲ್ಲುನೋವೆಂದು ಎರಡು ಹಲ್ಲು ಕೀಳಿಸಿದ್ದೂ ಆಯಿತು. ಊಟಕ್ಕೆ ಹೆದರಿ, ಮಾತಿಗೆ ಹೆದರಿ, ಕೊನೆಗೆ ಬದುಕೇ ಸಾಕೆಂದರು. ಖಿನ್ನತೆ ಬಂದದ್ದು ನೋವಿನ ಬೆನ್ನಿಗೆ. ಮೆದುಳಿನ ಬುಡದಲ್ಲಿ ರಕ್ತನಾಳವೊಂದು ಮುಖಕ್ಕೆ ಹೋಗುವ ಐದನೇ ಕಪಾಲ ನರವನ್ನು ಒತ್ತುವುದೇ ಹೆಚ್ಚಿನವರಲ್ಲಿ ಈ ನೋವಿಗೆ ಕಾರಣ. 1960ರ ದಶಕದಿಂದ ಕಾರ್ಬಮಜೆಪಿನ್ ಮಾತ್ರೆಯಿದೆ. ಅದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರವೈದ್ಯರೂ ಮನೋವೈದ್ಯರೂ ಒಂದೇ ಆವರಣದಲ್ಲಿದ್ದಾರೆ. ಧೈರ್ಯ ಹೇಳುವ ಮೊದಲು ನೊಂದವರನ್ನು ನರವೈದ್ಯರ ಬಳಿ ಕರೆದೊಯ್ಯಿರಿ. ಮನಸ್ಸು ಕುಸಿದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.