ಒಬ್ಬರೇ ಕುಲುಕಲಾಗದ ಕೈ

ಕನ್ನಡದಲ್ಲಿ ಕೈ ಹಿಡಿದವರು ಜೊತೆಗೆ ಬಾಳುತ್ತಾರೆ, ಕೈ ಜೋಡಿಸಿದವರು ನೆರವಾಗುತ್ತಾರೆ, ಕೈ ಕೊಟ್ಟವರು ಮಾತ್ರ ಮೋಸ ಮಾಡುತ್ತಾರೆ. ಇನ್ನು ಕೈಕುಲುಕುವುದಕ್ಕೆ ಪತ್ರಿಕೆಗಳು ಬಳಸುವ ‘ಹಸ್ತಲಾಘವ’ಕ್ಕೆ ಸಂಸ್ಕೃತದಲ್ಲಿ ಕೈಚಳಕ ಎಂದರ್ಥ. ಹೊರಗಿನಿಂದ ಬಂದ ಈ ರೂಢಿಯ ಬಗ್ಗೆ ಭಾಷೆಗೇ ಒಂದಿಷ್ಟು ಗುಮಾನಿ ಇದ್ದಂತಿದೆ.

2020ರ ಮಾರ್ಚಿನಲ್ಲಿ ಆ ಗುಮಾನಿಗೆ ಬಲ ಬಂತು. ಕೋವಿಡ್ ಭಯದಲ್ಲಿ ಜಗತ್ತು ಕೈಕುಲುಕುವುದನ್ನು ನಿಲ್ಲಿಸಿತು. ಆಗಿನ್ನೂ ಯುವರಾಜರಾಗಿದ್ದ ಚಾರ್ಲ್ಸ್ ಲಂಡನ್ನಿನ ಸಮಾರಂಭವೊಂದರಲ್ಲಿ ಕೈಮುಗಿದರು. ನೋಡಿ, ನಮಸ್ಕಾರವೇ ಶ್ರೇಷ್ಠ, ಹಿರಿಯರಿಗೆ ಎಲ್ಲವೂ ಗೊತ್ತಿತ್ತು ಎಂಬ ಸಂದೇಶಗಳು ವಾಟ್ಸಾಪಿನಲ್ಲಿ ಹರಿದಾಡಿದವು.

ಸೋಂಕಿನ ಕಾಲಕ್ಕೆ ಅದು ಸರಿಯಾದ ಸಲಹೆ. ಆದರೆ ಈ ದೇಶದಲ್ಲಿ ಜನ ದೂರ ನಿಂತದ್ದು, ನಿಲ್ಲಿಸಿದ್ದು ಬರೀ ರೋಗಾಣುವಿಗೆ ಹೆದರಿ ಅಲ್ಲ. ಯಾರನ್ನು ಮುಟ್ಟಬಹುದು ಎಂಬುದನ್ನು ಹುಟ್ಟು ನಿರ್ಧರಿಸುತ್ತಿತ್ತು. ಅಸ್ಪೃಶ್ಯತೆಯನ್ನು ರದ್ದು ಮಾಡಲು ಸಂವಿಧಾನದಲ್ಲಿ 17ನೇ ವಿಧಿಯೇ ಬೇಕಾಯಿತು.

ನಮಸ್ಕಾರದಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಒಬ್ಬರೇ ಮಾಡಿ ಮುಗಿಸಬಹುದು. ಒಬ್ಬ ಬಾಗಿಲಾಚೆ ನಿಂತು ಎರಡೂ ಕೈ ಮುಗಿದರೆ, ಕುರ್ಚಿಯಲ್ಲಿ ಕೂತವನು ತಲೆಯಾಡಿಸಿದರೆ ಸಾಕು. ಕೈಕುಲುಕುವುದು ಹಾಗಲ್ಲ. ಇಬ್ಬರೂ ಕೈ ಚಾಚಬೇಕು, ಎರಡು ಕೈಗಳೂ ಒಂದೇ ಎತ್ತರಕ್ಕೆ ಬರಬೇಕು. ಒಬ್ಬರು ಹಿಂಜರಿದರೂ ಸುತ್ತಲಿನವರಿಗೆ ಕಾಣುತ್ತದೆ.

1987ರ ಏಪ್ರಿಲ್‌ನಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಏಡ್ಸ್ ವಾರ್ಡನ್ನು ಉದ್ಘಾಟಿಸಿದ ಡಯಾನಾ, ಗ್ಲೌಸ್ ಹಾಕದೆ ರೋಗಿಯೊಬ್ಬರ ಕೈಕುಲುಕಿದರು. ಮುಟ್ಟಿದರೆ ಏಡ್ಸ್ ಬರುತ್ತದೆಂದು ಜನ ನಂಬಿದ್ದ ದಿನಗಳವು. ಫೋಟೋದಲ್ಲಿ ಆ ರೋಗಿಯ ಮುಖ ಕಾಣಲಿಲ್ಲ; ಕಾಯಿಲೆ ಹೊರಗೆ ಗೊತ್ತಾದೀತೆಂಬ ಅಂಜಿಕೆ ಅಷ್ಟಿತ್ತು. ರಾಜಮನೆತನದ ಸೊಸೆ ಅಂದು ದೂರದಿಂದ ಕೈಮುಗಿದಿದ್ದರೆ ಅದೂ ಗೌರವವೇ. ಆದರೆ ಆ ಹೆದರಿಕೆಗೆ ಅದು ಉತ್ತರವಾಗುತ್ತಿರಲಿಲ್ಲ.

ಎಲ್ಲರಿಗೂ ಮುಟ್ಟಿಸಿಕೊಳ್ಳುವುದು ಇಷ್ಟವಿರಬೇಕಿಲ್ಲ. ಅಪರಿಚಿತ ಗಂಡಸಿನ ಕೈಹಿಡಿತ ಬೇಡವೆನ್ನುವ ಹೆಣ್ಣುಮಕ್ಕಳಿದ್ದಾರೆ, ಆರೋಗ್ಯ ಸರಿಯಿಲ್ಲದವರಿದ್ದಾರೆ. ಅವರು ಎಲ್ಲರಿಗೂ ಒಂದೇ ರೀತಿ ಕೈಮುಗಿದರೆ ಅದು ಅವರ ಆಯ್ಕೆ. ತಕರಾರಿರುವುದು ಒಬ್ಬೊಬ್ಬರಿಗೆ ಒಂದೊಂದು ಬಗೆ ಎನ್ನುವಲ್ಲಿ.

ಪುಣೆಯದೋ ಹೈದರಾಬಾದಿನದೋ ಒಂದು ಆಫೀಸು ನೆನೆದುಕೊಳ್ಳಿ. ಕ್ಲೈಂಟ್ ಬಂದರೆ ಮ್ಯಾನೇಜರು ಬಾಗಿಲವರೆಗೆ ಹೋಗಿ ಕೈ ಚಾಚುತ್ತಾರೆ. ಅದೇ ಬಾಗಿಲಿನ ಹಿಡಿಯನ್ನು ದಿನಾ ಒರೆಸುವ ಹೌಸ್‌ಕೀಪಿಂಗ್ ಕೆಲಸಗಾರ ಹತ್ತು ವರ್ಷ ದುಡಿದು ಕೆಲಸ ಬಿಡುವ ದಿನ ಎಲ್ಲರಿಗೂ ಕೈಮುಗಿಯುತ್ತಾನೆ. ಅಂದಾದರೂ ಯಾರಾದರೂ ಎದ್ದು ಹೋಗಿ ಅವನ ಕೈಕುಲುಕಬೇಕು.