ಗೇರ್‌ಬಾಕ್ಸ್ ಬಿಚ್ಚೋ ಮೊದಲು

ಅಣ್ಣ ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಟರ್ಬೊ ಕಾರು, ಇಂದಿರಾನಗರದಿಂದ ಕೆ.ಆರ್. ಪುರದ ತೂಗುಸೇತುವೆ ಮುಟ್ಟೋ ಹೊತ್ತಿಗೆ ಒಂದರಿಂದ ಎರಡನೇ ಗೇರ್‌ಗೆ ಒದ್ದುಕೊಂಡೇ ಹೋಗುತ್ತೆ. ‘ಗೇರ್‌ಬಾಕ್ಸೇ ಹೋಗಿದೆ, ಶಿವಾಜಿನಗರದ ಗುಜರೀಲಿ ಹುಡುಕು’ ಅನ್ನೋದು ಗೆಳೆಯರ ಸಲಹೆ. ನಾನು ಒಪ್ಪಲ್ಲ. ಇದು 7 ಸ್ಪೀಡಿನ ಡ್ರೈ ಡ್ಯುಯಲ್ ಕ್ಲಚ್: ಬೆಸ ಗೇರ್‌ಗಳಿಗೆ ಒಂದು ಕ್ಲಚ್, ಸಮ ಗೇರ್‌ಗಳಿಗೆ ಇನ್ನೊಂದು. ಕ್ಲಚ್ ತಂಪು ಮಾಡೋಕೆ ಎಣ್ಣೆ ಇಲ್ಲ. ಟ್ರಾಫಿಕ್ಕಲ್ಲಿ ತೆವಳಿದಷ್ಟೂ ಅದು ಜಾರುತ್ತೆ, ಬಿಸಿಯಾಗುತ್ತೆ, ಸವೆಯುತ್ತೆ. ಕಂಪ್ಯೂಟರ್ ನೆನಪಿಟ್ಟುಕೊಂಡ ‘ಕ್ಲಚ್ ಹಿಡಿಯೋ ಜಾಗ’ ಹೊಂದದೆ ಹೋಗುತ್ತೆ. ಮೊದಲು ಸ್ಕ್ಯಾನರ್ ಹಾಕಿ ಫಾಲ್ಟ್ ಕೋಡ್ ಓದಿಸಬೇಕು, ಕ್ಲಚ್ ಅಡಾಪ್ಟೇಶನ್ ಮಾಡಿಸಬೇಕು. ಅದಕ್ಕೂ ಬಗ್ಗದಿದ್ರೆ ಕ್ಲಚ್ ಪ್ಯಾಕ್. ಓಡಿಸೋ ರೀತಿ ಬದಲಾಗದಿದ್ರೆ ಗುಜರಿ ಬಾಕ್ಸೂ ಇದೇ ರಸ್ತೇಲಿ ಸವೆಯುತ್ತೆ. ಮುಂದೆ ಒಂದು ಕಾರಿನಷ್ಟು ಜಾಗ ಬಿಟ್ಟು ನಿಲ್ಲಿಸು ಅಂದ್ರೆ ಮಾತ್ರ ಅಣ್ಣ ಕೇಳಲ್ಲ: ‘ಅಷ್ಟರಲ್ಲಿ ಆಟೋ ನುಗ್ಗಿರುತ್ತೆ ಕಣೋ!’