ಹತ್ತು ಬೈ ಹನ್ನೆರಡರ ಹಾಲ್‌ನಲ್ಲಿ ಅಪ್ಪನಿಗೊಂದು ಕುರ್ಚಿ

ನಮ್ಮ ಮನೆ ಹಾಲ್ ಹತ್ತಡಿ ಅಗಲ, ಹನ್ನೆರಡಡಿ ಉದ್ದ. ವಿಜಯನಗರದಲ್ಲಿ ಎರಡನೇ ಮಹಡಿಯ ಒಂದು ಬಿಎಚ್‌ಕೆ ಬಾಡಿಗೆ ಮನೆ. ಮದುವೆಯಾದ ಹೊಸದರಲ್ಲಿ ಇಬ್ಬರಿಗೂ ಬೋನಸ್ ಬಂದಿತ್ತು. ಒಂದು ಭಾನುವಾರ ರಾತ್ರಿ ಹನ್ನೊಂದು ಗಂಟೆಗೆ ಹಾಸಿಗೆ ಮೇಲೆ ಬಿದ್ದುಕೊಂಡು ಫೋನಲ್ಲಿ ಸೋಫಾ ನೋಡ್ತಾ ನೋಡ್ತಾ ಆರ್ಡರ್ ಮಾಡಿಯೇಬಿಟ್ಟೆವು. ಎಲ್ ಆಕಾರದ್ದು, ಬೂದು ಬಣ್ಣದ್ದು, 58 ಸಾವಿರ. ಫೋಟೋದಲ್ಲಿ ಆ ಸೋಫಾ ಇದ್ದ ಹಾಲ್ ನಮ್ಮ ಇಡೀ ಮನೆಗಿಂತ ದೊಡ್ಡದಿತ್ತು ಅನ್ನೋದು ಆಗ ಹೊಳೀಲಿಲ್ಲ.

ಸೋಫಾ ಬಂತು. ಅದಕ್ಕೆ ಮ್ಯಾಚಿಂಗ್ ಅಂತ ನಾಲ್ಕಡಿಯ ಸೆಂಟರ್ ಟೇಬಲ್ ಬಂತು. ಐದಡಿಯ ಟಿವಿ ಯೂನಿಟ್ ಬಂತು. ಬಂದ ಸ್ನೇಹಿತರೆಲ್ಲ 'ಸಖತ್ತಾಗಿದೆ ಕಣೇ' ಅಂದರು. ನಾನೂ ನಂಬಿದೆ.

ಆಮೇಲೆ ಸೆಪ್ಟೆಂಬರ್‌ನಲ್ಲಿ ತಿಪಟೂರಿಂದ ಅಪ್ಪ ಬಂದರು.

ಮಗಳ ಮನೆಗೆ ಬಂದು ಉಳಿಯೋದು ಅಂದರೆ ನಮ್ಮಪ್ಪನಿಗೆ ಮೊದಲಿಂದಲೂ ಸಂಕೋಚ. ಅಮ್ಮ, ನಾನು ಆರು ತಿಂಗಳು ಬೆನ್ನು ಬಿದ್ದ ಮೇಲೆ 'ಹತ್ತು ದಿನ ಇರ್ತೀನಿ' ಅಂತ ಒಪ್ಪಿದ್ದರು. ಅವರಿಗೆ ಮಂಡಿ ನೋವು, ಎರಡೂ ಕಾಲಿಗೆ. ಮೊದಲ ದಿನ ಸೋಫಾ ಮೇಲೆ ಕೂತರು. ಕೂತರು ಅನ್ನೋದಕ್ಕಿಂತ ಮುಳುಗಿದರು ಅನ್ನಬೇಕು. ಏಳೋಕೆ ಹೋದಾಗ ಹಿಡಿದುಕೊಳ್ಳೋಕೆ ಏನೂ ಸಿಗದೆ ಸೆಂಟರ್ ಟೇಬಲ್ ಮೇಲೆ ಕೈಯೂರಿದರು, ಟೇಬಲ್ ಜರುಗಿತು. ನನ್ನ ಗಂಡ ಓಡಿ ಬಂದು ಕೈ ಕೊಟ್ಟ. ಅಪ್ಪ ನಕ್ಕರು. ಆದರೆ ಅಳಿಯನ ಕೈ ಹಿಡಿದು ಏಳಬೇಕಾದದ್ದು ಅವರಿಗೆ ಹಿಡಿಸಲಿಲ್ಲ ಅನ್ನೋದು ನನಗೆ ಗೊತ್ತಾಯಿತು.

ಮೂರನೇ ದಿನ ಬೆಳಿಗ್ಗೆ ಎದ್ದು ನೋಡ್ತೀನಿ, ಹಾಲ್‌ನಲ್ಲಿ ಅಪ್ಪ ಇಲ್ಲ. ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಪಕ್ಕ, ಒಗೆದ ಬಟ್ಟೆ ಇಡೋಕೆ ಅಂತ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಪ್ರಜಾವಾಣಿ ಓದ್ತಾ ಇದ್ದರು. 'ಇಲ್ಲೇ ಆರಾಮಾಗಿದೆ ಕಣಮ್ಮ, ಬೆಳಕೂ ಚೆನ್ನಾಗಿದೆ' ಅಂದರು. ನಾಲ್ಕನೇ ದಿನ 'ತೋಟಕ್ಕೆ ನೀರು ಬಿಡಬೇಕು' ಅಂತ ಯಶವಂತಪುರದಲ್ಲಿ ರೈಲು ಹತ್ತಿದರು. ಆ ವಾರ ತಿಪಟೂರಲ್ಲಿ ದಿನಾ ಮಳೆ.

ಸೋಫಾ ಅಲ್ಲ, ಒರಗುದಿಂಬು

ಬೇಜಾರಾಯಿತು. ಬೇಜಾರಾದಾಗ ಇಂಜಿನಿಯರ್‌ಗಳು ಮಾಡೋದನ್ನೇ ನಾನೂ ಮಾಡಿದೆ, ಅಳತೆ ತಗೊಂಡೆ.

ಹಾಲ್ ಒಟ್ಟು 120 ಚದರಡಿ. ಸೋಫಾ ಒಂದೇ 30 ಚದರಡಿ ತಿಂದಿತ್ತು. ಟೇಬಲ್ 8, ಟಿವಿ ಯೂನಿಟ್ ಏಳೂವರೆ. ಅಂದರೆ ಹಾಲ್‌ನ ಹತ್ತಿರ ಹತ್ತಿರ 40 ಪರ್ಸೆಂಟ್ ಜಾಗ ಬರೀ ಮೂರು ಸಾಮಾನಿಗೆ. ಟೇಬಲ್‌ಗೂ ಟಿವಿ ಯೂನಿಟ್‌ಗೂ ಮಧ್ಯೆ ಎರಡಡಿಯೂ ಇರಲಿಲ್ಲ. ಅಡುಗೆ ಮನೆಗೆ ಹೋಗಬೇಕಾದರೆ ಅಪ್ಪ ಆ ಸಂದಿಯಲ್ಲಿ ಅಡ್ಡಡ್ಡ ನಡೀತಿದ್ದರು.

ಸೋಫಾದ ಕೂರುವ ಎತ್ತರ ಹದಿನಾಲ್ಕೂವರೆ ಇಂಚು. ಕೂತಾಗ ಮೂರು ಇಂಚು ಕುಸಿಯುತ್ತಿತ್ತು. ಹಾಗಾದಾಗ ಮಂಡಿ ಸೊಂಟಕ್ಕಿಂತ ಮೇಲೆ ಹೋಗುತ್ತೆ, ಏಳಬೇಕಾದರೆ ಇಡೀ ಮೈಭಾರ ಮಂಡಿ ಮೇಲೆ ಬೀಳುತ್ತೆ. ಮೂವತ್ತರ ಕಾಲಿಗೆ ಇದು ಗೊತ್ತಾಗಲ್ಲ, ಅರವತ್ತೈದರ ಕಾಲಿಗೆ ಚೆನ್ನಾಗಿ ಗೊತ್ತಾಗುತ್ತೆ.

ಅಮ್ಮನಿಗೆ ಫೋನ್ ಮಾಡಿ, ಮನೆ ಜಗುಲಿ ಮೇಲಿರೋ ಅಪ್ಪನ ಕುರ್ಚಿ ಎಷ್ಟೆತ್ತರ ಇದೆ ಅಳೆದು ಹೇಳು ಅಂದೆ. ಟೇಪ್ ಹುಡುಕುವಷ್ಟು ತಾಳ್ಮೆ ಅಮ್ಮನಿಗೆಲ್ಲಿ? ಕೈಯಲ್ಲೇ ಅಳೆದು 'ಎರಡು ಗೇಣು' ಅಂದರು. ಗೇಣಿಗೆ ಒಂಬತ್ತು ಇಂಚು ಅಂದರೂ 18 ಇಂಚು. ನಮ್ಮ ಯುಟಿಲಿಟಿಯ ಪ್ಲಾಸ್ಟಿಕ್ ಕುರ್ಚಿ ಅಳೆದೆ, 17 ಇಂಚು. ಅಪ್ಪ ಅಲ್ಲಿ ಹೋಗಿ ಕೂತಿದ್ದು ಸುಮ್ಮನೆ ಅಲ್ಲ.

ಇನ್ನೊಂದು ವಿಷಯ. ಒಂದು ವಾರ ನಾವಿಬ್ಬರು ಎಲ್ಲಿ ಕೂರ್ತೀವಿ ಅಂತ ಗಮನಿಸಿದೆ. ಸಂಜೆ ಕಾಫಿ ಕುಡಿಯುವಾಗ ಇಬ್ಬರೂ ನೆಲದ ಮೇಲೆ, ಸೋಫಾಗೆ ಬೆನ್ನು ಕೊಟ್ಟುಕೊಂಡು! 58 ಸಾವಿರದ ಒರಗುದಿಂಬು ಅದು. ಸೋಫಾದ ಮೇಲೆ ಕಾಯಂ ಆಗಿ ಕೂತಿರ್ತಿದ್ದದ್ದು ಮಡಚದ ಬಟ್ಟೆ ಮಾತ್ರ.

ಮಾರಿದೆವು. ಬಂದಿದ್ದು 19 ಸಾವಿರ. ಹದಿನಾಲ್ಕು ತಿಂಗಳಿಗೆ 39 ಸಾವಿರ ಹೋಯಿತು, ಅಂದರೆ ತಿಂಗಳಿಗೆ ಸುಮಾರು 2,800 ರೂಪಾಯಿ ಸೋಫಾಗೇ ಬಾಡಿಗೆ ಕಟ್ಟಿದ ಹಾಗಾಯಿತು. ಲಿಫ್ಟ್‌ನಲ್ಲಿ ಹಿಡಿಸದೆ ಮೆಟ್ಟಿಲಲ್ಲಿ ಇಳಿಸಿದ ಕೂಲಿ ಬೇರೆ.

ಪೇಪರ್ ಹಾಸಿ ಪ್ಲಾನ್

ಹಾಲ್ ಖಾಲಿಯಾದ ಮೇಲೆ ಒಂದು ತಿಂಗಳು ಏನೂ ತರಲಿಲ್ಲ. ಚಾಪೆ ಹಾಸಿಕೊಂಡು ಕೂತೆವು. ನೀವೂ ಹೊಸ ಮನೆಗೆ ಹೋದರೆ ಸ್ವಲ್ಪ ದಿನ ಹೀಗೆ ಇದ್ದು ನೋಡಿ. ಗಾಳಿ ಎಲ್ಲಿಂದ ಬರುತ್ತೆ, ಸಂಜೆ ಬಿಸಿಲು ಎಲ್ಲಿ ಬೀಳುತ್ತೆ, ಪ್ಲಗ್ ಪಾಯಿಂಟ್ ಎಲ್ಲಿದೆ, ಚಪ್ಪಲಿ ಎಲ್ಲಿ ಗುಡ್ಡೆಯಾಗುತ್ತೆ ಎಲ್ಲ ತಾನಾಗೇ ಗೊತ್ತಾಗುತ್ತೆ.

ಆಮೇಲೆ ಹಳೇ ನ್ಯೂಸ್‌ಪೇಪರ್ ತಗೊಂಡು, ತರಬೇಕು ಅಂದುಕೊಂಡ ಪ್ರತಿ ಸಾಮಾನಿನ ಅಳತೆಗೆ ಕತ್ತರಿಸಿ ನೆಲಕ್ಕೆ ಅಂಟಿಸಿದೆವು. ಎರಡು ದಿನ ಅದನ್ನ ತುಳಿಯದೆ ಓಡಾಡಬೇಕು ಅಂತ ರೂಲ್ಸ್. ಮೊದಲ ಪ್ಲಾನ್ ಅರ್ಧ ದಿನಕ್ಕೇ ಫೇಲ್. ಮೂರನೇದು ನಿಂತಿತು. ಈ ಆಟದಿಂದ ನಾನು ಬರೆದಿಟ್ಟುಕೊಂಡ ಅಳತೆಗಳು ಇವು:

ಓಡಾಡೋ ದಾರಿ ಕನಿಷ್ಠ ಎರಡೂವರೆ ಅಡಿ ಇರಲಿ. ಮುಂಬಾಗಿಲಿಂದ ಅಡುಗೆ ಮನೆಗೆ ಹೋಗೋ ದಾರಿ ಮೂರಡಿ ಇದ್ದರೆ ಇನ್ನೂ ಒಳ್ಳೇದು.

ಕೂರುವ ಜಾಗಕ್ಕೂ ಟೀಪಾಯಿಗೂ ಮಧ್ಯೆ ಒಂದೂವರೆ ಅಡಿ. ಕೈಗೆ ಲೋಟ ಸಿಗಬೇಕು, ಮಂಡಿಗೆ ಮೂಲೆ ತಾಗಬಾರದು.

ಕೂರುವ ಎತ್ತರ 17ರಿಂದ 18 ಇಂಚು. ಕುಶನ್ ಕುಸಿಯೋದನ್ನೂ ಲೆಕ್ಕ ಹಾಕಿ. ವಯಸ್ಸಾದವರು ಬರುವ ಮನೆಯಾದರೆ ಕೈಯಿರುವ ಒಂದು ಕುರ್ಚಿಯಾದರೂ ಇರಲಿ.

ಟಿವಿ ದೂರ, ಪರದೆಯ ಅಳತೆಯ ಒಂದೂವರೆಯಿಂದ ಎರಡೂವರೆ ಪಟ್ಟು. 43 ಇಂಚಿನದಕ್ಕೆ ಐದೂವರೆಯಿಂದ ಒಂಬತ್ತಡಿ. ನಮಗೆ ಸಿಕ್ಕಿದ್ದು ಏಳೂವರೆ. 55ರ ಆಸೆ ಅಲ್ಲಿಗೇ ಬಿಟ್ಟೆವು.

ದಿವಾನ್ ವಾಪಸ್ ಬಂತು

ಸೋಫಾ ಜಾಗಕ್ಕೆ ಬಂದಿದ್ದು ದಿವಾನ್. ಹೌದು, ನಮ್ಮ ಅಜ್ಜಿ ಮನೇಲಿ ಇರ್ತಿತ್ತಲ್ಲ, ಅದೇ. ಆರಡಿ ಉದ್ದ, ಎರಡೂವರೆ ಅಡಿ ಅಗಲ. ಬಡಗಿ ಹತ್ತಿರ ಹೇಳಿ ಮಾಡಿಸಿದ್ದು. ಕಾಲು ಐದು ಇಂಚು, ಅದರ ಮೇಲೆ ಎಂಟು ಇಂಚಿನ ಡ್ರಾಯರ್ ಪೆಟ್ಟಿಗೆ, ಅದರ ಮೇಲೆ ಐದು ಇಂಚು ಫೋಮ್. ಕೂತಾಗ ಒಂದಿಂಚು ಕುಸಿದರೂ 17 ಇಂಚು ಉಳಿಯುತ್ತೆ. ಕಾಲು ಐದು ಇಂಚು ಇರೋದರಿಂದ ಪೊರಕೆ, ಮಾಪ್ ಎರಡೂ ಕೆಳಗೆ ಹೋಗುತ್ತೆ. ನೆಲ ಕಾಣಿಸಿದರೆ ಚಿಕ್ಕ ಹಾಲ್ ಸ್ವಲ್ಪ ದೊಡ್ಡದಾಗಿ ಕಾಣುತ್ತೆ ಅನ್ನೋದು ಬೋನಸ್. ಡ್ರಾಯರ್‌ನಲ್ಲಿ ಹೊದಿಕೆ, ಬೆಡ್‌ಶೀಟ್.

ದಿವಾನ್‌ನದು ಒಂದೇ ತೊಂದರೆ. ಎರಡೂವರೆ ಅಡಿ ಒಳಕ್ಕೆ ಇರೋದರಿಂದ ಗೋಡೆಗೆ ಒರಗಿದರೆ ಕಾಲು ನೆಲಕ್ಕೆ ಸಿಗಲ್ಲ. ಅದಕ್ಕೆ ಒಂಬತ್ತು ಇಂಚು ದಪ್ಪದ ಮೂರು ಒರಗುದಿಂಬು ಹೊಲಿಸಿದೆವು. ಈಗ ಕೂರೋಕೆ 21 ಇಂಚು, ಸರಿಯಾಗಿದೆ. ದಿಂಬು ತೆಗೆದರೆ ಒಬ್ಬರು ಮಲಗಬಹುದು.

ಮಾಡಿಸುವಾಗ ಎರಡು ವಿಷಯ ಕೇಳಿ. ಒಂದು, ಮರ ಯಾವುದು? ಪಾರ್ಟಿಕಲ್ ಬೋರ್ಡ್ ಅಗ್ಗ, ಆದರೆ ಮಾಪ್ ನೀರು ಒಳಗೆ ಇಳಿದರೆ ಉಬ್ಬುತ್ತೆ, ಸ್ಕ್ರೂ ಹಿಡಿತ ಬಿಡುತ್ತೆ. ಹಾಲ್‌ಗೆ ಎಂಆರ್ ಗ್ರೇಡ್ ಪ್ಲೈವುಡ್ ಸಾಕು. ಅಡುಗೆ ಮನೆಯ ಹಾಗೆ ನೀರು ಬೀಳುವ ಜಾಗಕ್ಕೆ ಬಿಡಬ್ಲ್ಯುಆರ್ ಬೇಕು, ಅದರ ದುಡ್ಡನ್ನ ಇಲ್ಲಿ ಸುರಿಯಬೇಕಿಲ್ಲ. ಎರಡು, ಫೋಮ್ ಡೆನ್ಸಿಟಿ ಎಷ್ಟು? 32 ಅಂದರೆ ಒಂದು ಘನ ಮೀಟರ್‌ಗೆ 32 ಕೆಜಿ ಅಂತ. ನಾವು 40ರದ್ದು ಹಾಕಿಸಿದೆವು. ಡೆನ್ಸಿಟಿ ಹೆಚ್ಚಿದ್ದರೆ ಬಾಳಿಕೆ ಹೆಚ್ಚು. ಗಟ್ಟಿಯೋ ಮೆತ್ತಗೋ ಅನ್ನೋದು ಬೇರೆ ಲೆಕ್ಕ, ಅದನ್ನ ಕೂತೇ ನೋಡಬೇಕು. ಫೋನಲ್ಲಿ ನೋಡಿದರೆ ಗೊತ್ತಾಗಲ್ಲ, ನನ್ನನ್ನ ನೋಡಿ ಕಲೀರಿ.

ಇನ್ನು ಕುರ್ಚಿ. ಶಿವಾಜಿನಗರದ ಹಳೇ ಫರ್ನಿಚರ್ ಅಂಗಡಿಗಳಲ್ಲಿ ಎರಡು ಶನಿವಾರ ಸುತ್ತಿ, ಕೈಯಿರುವ ಎರಡು ಮರದ ಕುರ್ಚಿ ತಂದೆವು. ಬೆತ್ತ ಹರಿದಿತ್ತು. ಬೆತ್ತ ಹೆಣೆಯುವವರು ಒಬ್ಬರು ಸಿಕ್ಕಿದರು, ಹೊಸದಾಗಿ ಹಾಕಿಕೊಟ್ಟರು. ಎರಡಕ್ಕೂ ಸೇರಿ ಏಳೂವರೆ ಸಾವಿರ. ಬೆತ್ತದ ಬೆನ್ನು ಆರಪಾರ ಕಾಣೋದರಿಂದ ಅಷ್ಟು ದೊಡ್ಡ ಕುರ್ಚಿ ಇದ್ದರೂ ಹಾಲ್ ತುಂಬಿದ ಹಾಗೆ ಅನ್ನಿಸಲ್ಲ, ಬೇಸಿಗೇಲಿ ಬೆನ್ನಿಗೆ ಗಾಳಿಯೂ ಆಡುತ್ತೆ. ಸೆಂಟರ್ ಟೇಬಲ್ ಇಲ್ಲವೇ ಇಲ್ಲ. ಒಂದರೊಳಗೆ ಒಂದು ಹೋಗುವ ಎರಡು ಪುಟ್ಟ ಸ್ಟೂಲ್, ಬೇಕಾದಾಗ ಎಳೆದುಕೊಳ್ಳೋದು.

ಈಗ ಸಾಮಾನೆಲ್ಲ ಸೇರಿ 29 ಚದರಡಿ. ಮೊದಲು 46ರ ಹತ್ತಿರ ಇತ್ತು.

ಬೆಳಕು, ಬಣ್ಣ

ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆದರೆ ಅಡ್ವಾನ್ಸ್‌ನಲ್ಲಿ ಕಟ್. ಹಾಗಾಗಿ ಅಂದಚಂದವೆಲ್ಲ ನೆಲದ ಮೇಲೆ, ಬಟ್ಟೆಯಲ್ಲಿ, ಬೆಳಕಲ್ಲಿ ಮಾಡಬೇಕು.

ಮೊದಲು ತೆಗೆದಿದ್ದು ಆಸ್ಪತ್ರೆ ಥರ ಹೊಡೆಯೋ 6500 ಕೆಲ್ವಿನ್ನಿನ ಬಿಳೀ ಟ್ಯೂಬ್. ಅದರ ಬದಲು ಮೂಲೆಯಲ್ಲೊಂದು ನಿಲ್ಲುವ ದೀಪ, 3000 ಕೆಲ್ವಿನ್. ಬಲ್ಬ್ ಡಬ್ಬಿ ಮೇಲೆ ಈ ನಂಬರ್ ಬರೆದಿರುತ್ತೆ, ಕಮ್ಮಿ ಆದಷ್ಟೂ ಬೆಳಕು ಹಳದಿ. ಆದರೆ ಓದೋಕೆ ಅದು ಸಾಲದು. ವಯಸ್ಸಾದಂತೆ ಕಣ್ಣಿಗೆ ಹೆಚ್ಚು ಬೆಳಕು ಬೇಕು. ಅದಕ್ಕೆ ಕಿಟಕಿ ಪಕ್ಕದ ಕುರ್ಚಿ ಹತ್ತಿರ 4000 ಕೆಲ್ವಿನ್ನಿನ ಒಂದು ಓದುವ ದೀಪ.

ನೆಲಕ್ಕೆ ನವಲಗುಂದದ ಜಮಖಾನ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರೇ ಮಗ್ಗದಲ್ಲಿ ನೇಯುವ ಹತ್ತಿ ಜಮಖಾನ ಇದು, ಭೌಗೋಳಿಕ ಸೂಚಕ ಮಾನ್ಯತೆ ಪಡೆದದ್ದು. ನಮ್ಮದರಲ್ಲಿ ಪಗಡೆ ಹಾಸಿನ ವಿನ್ಯಾಸ ಇದೆ, ಕೆಂಪು, ಹಳದಿ, ಹಸಿರು. ಗೋಡೆ, ದಿವಾನ್ ಬಟ್ಟೆ ಎಲ್ಲ ತಿಳಿ ಬಣ್ಣ ಇಟ್ಟು, ಬಣ್ಣದ ಜೋರೆಲ್ಲ ಇದೊಂದಕ್ಕೇ ಬಿಟ್ಟಿದ್ದೀವಿ. ಚಿಕ್ಕ ಕೋಣೆಯಲ್ಲಿ ಒಂದೇ ವಸ್ತು ಮಾತಾಡಬೇಕು, ಎಲ್ಲ ಸೇರಿ ಮಾತಾಡಿದರೆ ನಮ್ಮ ಆಫೀಸ್ ಮೀಟಿಂಗ್ ಥರ ಆಗುತ್ತೆ. ಅಂದಹಾಗೆ ಜಮಖಾನದ ಅಡಿಗೆ ಜಾರದ ರಬ್ಬರ್ ಜಾಲರಿ ಹಾಕೋದು ಮರೀಬೇಡಿ. ಮಂಡಿ ನೋವಿನವರು ಇರುವ ಮನೆಯಲ್ಲಿ ಅದು ಜಮಖಾನಕ್ಕಿಂತ ಮುಖ್ಯ.

ಒಟ್ಟು ಖರ್ಚು 42 ಸಾವಿರ. ಮೊದಲೇ ಟೇಪ್ ಹಿಡಿದಿದ್ದರೆ 39 ಸಾವಿರ ಉಳೀತಿತ್ತು. ಇರಲಿ.

ಫೆಬ್ರವರಿಯಲ್ಲಿ

ಫೆಬ್ರವರಿಯಲ್ಲಿ ಅಪ್ಪ ಮತ್ತೆ ಬಂದರು. ಹೊಸ ಹಾಲ್ ಬಗ್ಗೆ ಏನಾದರೂ ಹೇಳ್ತಾರಾ ಅಂತ ನಾನು ಕಾಯ್ತಿದ್ದೆ. ಏನೂ ಹೇಳಲಿಲ್ಲ. ಚೀಲ ಇಟ್ಟು, ಸುತ್ತ ಒಂದು ಸಲ ನೋಡಿ, ನೇರ ಕಿಟಕಿ ಪಕ್ಕದ ಬೆತ್ತದ ಕುರ್ಚಿಗೆ ಹೋಗಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಕುರ್ಚಿ ಕೈಗಳನ್ನ ಎರಡೂ ಕೈಯಿಂದ ಒತ್ತಿ ಎದ್ದು, ತಾವೇ ಹೋಗಿ ನೀರು ಕುಡಿದು ಬಂದರು. ನಾನು ಲ್ಯಾಪ್‌ಟಾಪ್ ನೋಡ್ತಾ ಇರೋ ಹಾಗೆ ನಟಿಸಿದೆ.

ಮಧ್ಯಾಹ್ನ ದಿವಾನ್ ಮೇಲೆ ಒಂದು ನಿದ್ದೆ. ಸಂಜೆ ನನ್ನ ಗಂಡನ ಜೊತೆ ಕ್ರಿಕೆಟ್. ಯುಟಿಲಿಟಿಯ ಪ್ಲಾಸ್ಟಿಕ್ ಕುರ್ಚಿ ಮೇಲೆ ಮತ್ತೆ ಒಗೆದ ಬಟ್ಟೆ ಬಂತು. ನಾನು ಒಂದು ಕಾಲ್ ಮುಗಿಸಿ ಬಂದಾಗ ಅಪ್ಪ ಅಮ್ಮನಿಗೆ ಫೋನಲ್ಲಿ ಹೇಳ್ತಿದ್ದದ್ದು ಕಿವಿಗೆ ಬಿತ್ತು: 'ಇಲ್ಲಿ ಕಿಟಕಿ ಹತ್ರ ಒಂದು ಕುರ್ಚಿ ಹಾಕವ್ರೆ, ಚೆನ್ನಾಗಿ ಗಾಳಿ ಬತ್ತದೆ.'

ಒಂಬತ್ತು ದಿನ ಇದ್ದರು. ಹತ್ತನೇ ದಿನ 'ತೋಟಕ್ಕೆ ನೀರು ಬಿಡಬೇಕು ಕಣಮ್ಮ' ಅಂದರು. ನಾನು ಮೊಬೈಲ್‌ನಲ್ಲಿ ತಿಪಟೂರಿನ ಹವಾಮಾನ ನೋಡಿದೆ. ಈ ಸಲ ನಿಜವಾಗಲೂ ಮಳೆ ಇರಲಿಲ್ಲ.

ನೀವು ಈ ವಾರ ಸೋಫಾ ತಗೊಳ್ಳೋ ಪ್ಲಾನ್‌ನಲ್ಲಿದ್ದರೆ ಆರ್ಡರ್ ಒತ್ತೋ ಮೊದಲು ಊರಿಗೊಂದು ಫೋನ್ ಮಾಡಿ. ಅಪ್ಪನೋ ಅಮ್ಮನೋ ದಿನಾ ಕೂರುವ ಕುರ್ಚಿ ಎಷ್ಟು ಗೇಣಿದೆ ಅಂತ ಕೇಳಿ.